ತಮ್ಮನ 32ನೇ ಹುಟ್ಟುಹಬ್ಬಕ್ಕೆ ಗೀಕ್ ಕೇಕ್: ಮಾಡಿದವರ ಅನುಭವ ಬೇಕಿತ್ತು

ನನ್ನ ತಮ್ಮ ವೃತ್ತಿಯಿಂದ ಪ್ರೋಗ್ರಾಮರ್. ಬಿಡುವು ಸಿಕ್ಕರೆ ಹಳೆಯ ವಿಡಿಯೊ ಗೇಮ್ ಆಡುತ್ತಾನೆ, ಇಲ್ಲವೇ ಕೀಬೋರ್ಡ್ ಬಿಚ್ಚಿ ಮತ್ತೆ ಜೋಡಿಸುತ್ತಾನೆ. ಮುಂದಿನ ತಿಂಗಳು ಅವನಿಗೆ 32 ತುಂಬುತ್ತದೆ. ಇಪ್ಪತ್ತು ಜನರಿಗೆ ಸಾಲುವ ಕೇಕನ್ನು ನಾನೇ ಮಾಡಬೇಕೆಂದುಕೊಂಡಿದ್ದೇನೆ. ಸ್ಪಂಜ್ ಕೇಕ್ ಮತ್ತು ಬಟರ್‌ಕ್ರೀಮ್ ಚೆನ್ನಾಗಿಯೇ ಬರುತ್ತವೆ. ಫಾಂಡಂಟ್ (ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆಯ ಹಿಟ್ಟು) ಹೊದಿಸಿದ್ದು ಒಂದೇ ಸಲ, ಅದೂ ಬಿರುಕು ಬಿಟ್ಟಿತ್ತು. ತೆರೆದಿಟ್ಟ ಲ್ಯಾಪ್‌ಟಾಪ್ ಮಾಡಲೇ, ಕೀಬೋರ್ಡ್ ಮಾಡಲೇ ಎಂಬ ಯೋಚನೆಯಲ್ಲಿದ್ದೇನೆ. ಇಂಥದ್ದನ್ನು ಮಾಡಿ ಗೆದ್ದವರೂ ಸೋತವರೂ ದಯವಿಟ್ಟು ದಾರಿ ತೋರಿಸಬೇಕು.

* * *

ಸೋತವರ ಕಡೆಯಿಂದ ಮೊದಲು ನಾನೇ ಬರೆಯುತ್ತೇನೆ. ಲ್ಯಾಪ್‌ಟಾಪ್ ಬೇಡ. ನೆಟ್ಟಗೆ ನಿಲ್ಲುವ ಪರದೆಯನ್ನು ಸ್ಪಂಜಿನಿಂದ ಮಾಡಲಾಗುವುದಿಲ್ಲ. ಒಣಗಿದರೆ ಗಟ್ಟಿಯಾಗುವ ಸಕ್ಕರೆಯ ಹಿಟ್ಟಾದ ಗಮ್‌ಪೇಸ್ಟನ್ನು ಹಲಗೆಯಂತೆ ಲಟ್ಟಿಸಿ, ನಾಲ್ಕೈದು ದಿನ ಎರಡೂ ಮಗ್ಗುಲು ಒಣಗಿಸಿ, ಹಿಂದೆ ಕಡ್ಡಿಯ ಆಸರೆ ಕೊಟ್ಟು ನಿಲ್ಲಿಸಬೇಕಾಗುತ್ತದೆ. ನನ್ನ ಪರದೆ ಮೇಜಿಗೆ ಬರುವವರೆಗೂ ಗಟ್ಟಿಯಾಗಿಯೇ ನಿಂತಿತ್ತು. ಆಮೇಲೆ ಬುಡದಲ್ಲಿದ್ದ ಬಟರ್‌ಕ್ರೀಮಿನ ತೇವವನ್ನು ಹೀರಿಕೊಂಡು, ಮೇಣದಬತ್ತಿ ಹಚ್ಚುವಷ್ಟರಲ್ಲಿ ಮೆಲ್ಲಗೆ ಮುಂದಕ್ಕೆ ಬಾಗಿ ಮುಚ್ಚಿಕೊಂಡಿತು. ಸ್ಲೀಪ್ ಮೋಡಿಗೆ ಹೋಯಿತೆಂದು ಎಲ್ಲರೂ ನಕ್ಕರು. ಐದು ದಿನ ದುಡಿದಿದ್ದ ನನಗೆ ನಗು ಬರಲಿಲ್ಲ.

ಕೀಬೋರ್ಡ್ ಆಗಬಹುದು. ಆದರೆ ಕೀಬೋರ್ಡ್ ಬಿಚ್ಚಿ ಜೋಡಿಸುವವನ ಕಣ್ಣಿಗೆ ಮೊದಲು ಬೀಳುವುದು ತಪ್ಪಿದ ಅಳತೆಯೇ. ನಿಜವಾದ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರವಿರುತ್ತದೆ, ಮತ್ತು ಸಾಲುಗಳು ಒಂದರ ಕೆಳಗೊಂದು ನೇರವಾಗಿ ಬರುವುದಿಲ್ಲ. ಸಾಮಾನ್ಯ ಕೀಲಿಯ ಅಗಲ ಒಂದು ಪಾಲಾದರೆ ಟ್ಯಾಬ್ ಒಂದೂವರೆ, ಕ್ಯಾಪ್ಸ್ ಲಾಕ್ ಒಂದೂ ಮುಕ್ಕಾಲು, ಎಡಗಡೆಯ ಶಿಫ್ಟ್ ಎರಡೂ ಕಾಲು, ಸ್ಪೇಸ್ ಬಾರ್ ಆರೂ ಕಾಲು ಪಾಲು ಇರುತ್ತವೆ. ಅಕ್ಷರಗಳ ಸಾಲುಗಳು ಓರೆಯಾಗಿ ಸರಿದು ಕೂರುವುದು ಇದರಿಂದಲೇ. ಮೊದಲ ಪ್ರಯತ್ನದಲ್ಲಿ ನಾನು ಎಲ್ಲವನ್ನೂ ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿ ನೇರ ಸಾಲಿನಲ್ಲಿಟ್ಟೆ. ಅದು ಕೀಬೋರ್ಡಿನಂತೆ ಕಾಣದೆ ದೊಡ್ಡದೊಂದು ಚಾಕೊಲೇಟ್ ಪಟ್ಟಿಯಂತೆ ಕಂಡಿತು.

ಎರಡನೆಯ ಸಲ, ಬಲಗಡೆಯ ಅಂಕೆಗಳ ಗುಂಪಿಲ್ಲದ 87 ಕೀಲಿಗಳ ಮಾದರಿಯನ್ನು ಆರಿಸಿಕೊಂಡೆ. ಕೀಲಿಗಳನ್ನು ಹತ್ತು ದಿನ ಮೊದಲೇ ಮಾಡಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಪ್ರತಿಯೊಂದರ ನೆತ್ತಿಯನ್ನೂ ಬೆರಳ ತುದಿಯಿಂದ ತುಸು ಒತ್ತಿದರೆ ಸಹಜವಾದ ತಗ್ಗು ಮೂಡುತ್ತದೆ. ಅಕ್ಷರಗಳನ್ನು ತಿನ್ನಬಹುದಾದ ಶಾಯಿಯ ಪೆನ್ನಿನಿಂದ ಬರೆಯುವ ಮುನ್ನ ಕನಿಷ್ಠ ಒಂದು ದಿನ ಒಣಗಿರಬೇಕು, ಇಲ್ಲವಾದರೆ ಶಾಯಿ ಹರಡುತ್ತದೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಬೆರಳಿಗೆ ಗುರುತು ಸಿಗಲೆಂದು ಇರುವ ಸಣ್ಣ ಉಬ್ಬನ್ನು ಮರೆಯಬೇಡಿ. ನಾನು ರಾಯಲ್ ಐಸಿಂಗಿನಿಂದ (ಒಣಗಿದರೆ ಗಟ್ಟಿಯಾಗುವ ಸಕ್ಕರೆಯ ಲೇಪ) ಅಲ್ಲೊಂದು, ಇಲ್ಲೊಂದು ಗೀರು ಎಳೆದಿದ್ದೆ. ಕೇಕ್ ಯಾರಿಗಾಗಿತ್ತೋ ಅವರು ಮೊದಲು ಬೆರಳಾಡಿಸಿ ನೋಡಿದ್ದು ಅವೆರಡನ್ನೇ.

* * *

87 ಕೀಲಿಗಳ ತಾಳ್ಮೆ ಮೆಚ್ಚತಕ್ಕದ್ದು, ಆದರೆ ಫಾಂಡಂಟಿನಲ್ಲಿ ಒಮ್ಮೆ ಸೋತವರಿಗೆ ನಾನು ಅದನ್ನು ಹೇಳಲಾರೆ. ಮೂಲದಲ್ಲಿಯೇ ಚೌಕಗಳಿಂದಾದ ವಸ್ತುವನ್ನು ಆರಿಸಿಕೊಳ್ಳಿ. 1978ರ ಸ್ಪೇಸ್ ಇನ್ವೇಡರ್ಸ್ ಆಟದ ಆಕೃತಿಗಳಾಗಲಿ, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೀ ಪಾಜಿತ್ನೊವ್ ರೂಪಿಸಿದ ಟೆಟ್ರಿಸ್ ಆಗಲಿ, ಚಾಕು ಮತ್ತು ಅಳತೆಪಟ್ಟಿ ಇದ್ದರೆ ಕೇಕಿಗೆ ಇಳಿಯುತ್ತವೆ.

ನಾನು ಮಾಡಿದ್ದು ಟೆಟ್ರಿಸ್. ಮೇಲಿಂದ ಬೀಳುವ, ನಾಲ್ಕು ಚೌಕಗಳಿಂದಾದ ತುಂಡುಗಳನ್ನು ಜೋಡಿಸುವ ಆಟ ಅದು, ಒಂದು ಸಾಲು ಪೂರ್ತಿ ತುಂಬಿದರೆ ಅಳಿದುಹೋಗುತ್ತದೆ. ಆಟದ ಅಂಗಳದ ಅಗಲ ಹತ್ತು ಚೌಕ. ಅದರ ತಳದ ನಾಲ್ಕು ಸಾಲುಗಳನ್ನು ಮಾತ್ರ ತೆಗೆದುಕೊಂಡೆ. ಒಂದು ಚೌಕಕ್ಕೆ 4 ಸೆಂಟಿಮೀಟರ್ ಇಟ್ಟರೆ 40 × 16 ಸೆಂಟಿಮೀಟರಿನ ಕೇಕ್ ಆಗುತ್ತದೆ, ನಲವತ್ತು ತುಂಡುಗಳು ಸಿಗುತ್ತವೆ. ಇಪ್ಪತ್ತು ಜನರಿಗೆ ತಲಾ ಎರಡು. ಬಲತುದಿಯ ಒಂದು ಕಂಬವನ್ನು ಕತ್ತರಿಸಿ ಪಕ್ಕಕ್ಕಿಟ್ಟು ಜಾಗವನ್ನು ಖಾಲಿ ಬಿಟ್ಟಿದ್ದೆ. ಹುಟ್ಟುಹಬ್ಬದವಳು ಆ ಉದ್ದನೆಯ ತುಂಡನ್ನು ತಾನೇ ಕೊನೆಯ ಜಾಗಕ್ಕೆ ಕೂರಿಸಿದಳು. ಒಂದೇ ಏಟಿಗೆ ಅಳಿಸಬಹುದಾದ ಅತಿ ಹೆಚ್ಚು ಸಾಲುಗಳೆಂದರೆ ಆ ಆಟದಲ್ಲಿ ನಾಲ್ಕೇ, ಮತ್ತು ನಮ್ಮಲ್ಲಿಯೂ ನಾಲ್ಕು ಸಾಲುಗಳು ಕ್ಷಣದಲ್ಲಿ ಮಾಯವಾದವು.

ಉಳಿದ 9 × 4 ಚೌಕಗಳನ್ನು ತುಂಬುವಾಗ ಮಾತ್ರ ಒಂದು ಸಂಜೆಯನ್ನು ವ್ಯರ್ಥ ಮಾಡಿಕೊಂಡೆ. ಟಿ ಆಕೃತಿ ಒಂದೇ ಇರಲೆಂದು ಎಷ್ಟು ಹೊರಳಿಸಿದರೂ ಕಾಗದದ ತುಂಡುಗಳು ಕೂಡಲಿಲ್ಲ. ಚದುರಂಗದ ಮಣೆಯಂತೆ ಕಪ್ಪು ಬಿಳುಪು ಬಳಿದುಕೊಂಡಾಗ ಕಾರಣ ಹೊಳೆಯಿತು: ಬೇರೆಲ್ಲ ಆಕೃತಿಗಳು ಎರಡು ಕಪ್ಪು ಎರಡು ಬಿಳಿ ಚೌಕಗಳನ್ನು ಮುಚ್ಚಿದರೆ, ಟಿ ಮಾತ್ರ ಒಂದು ಬಣ್ಣದ ಮೂರನ್ನೂ ಇನ್ನೊಂದರ ಒಂದನ್ನೂ ಮುಚ್ಚುತ್ತದೆ. ಆದ್ದರಿಂದ ಟಿಗಳ ಸಂಖ್ಯೆ ಸಮವಾಗಿರಲೇಬೇಕು. ನಾಲ್ಕು ಟಿ ಸೇರಿ ಒಂದು 4 × 4 ಚೌಕ, ಎರಡು ಎಲ್ ಸೇರಿ ಎರಡು ಕಂಬ, 2 × 2ರ ಎರಡು ಹಳದಿ ತುಂಡುಗಳಿಂದ ಮತ್ತೆರಡು ಕಂಬ, ನಿಂತ ಐ ಒಂದು, ಲೆಕ್ಕ ಸರಿಹೋಯಿತು.

ಪ್ರತಿ ತುಂಡಿಗೂ ಸುತ್ತ ಫಾಂಡಂಟ್ ಹೊದಿಸಬೇಡಿ, ನೆತ್ತಿಗೆ ಮಾತ್ರ ಸಾಕು. ಬೇಕಿಂಗ್ ಕಾಗದದ ಮೇಲೆಯೇ ಲಟ್ಟಿಸಿ, ಆಕಾರ ಕತ್ತರಿಸಿ, ಆಕಾರವನ್ನು ಎತ್ತುವ ಬದಲು ಸುತ್ತಲಿನ ಹೆಚ್ಚುವರಿಯನ್ನು ತೆಗೆದುಬಿಡಿ. ಆಗ ಚೌಕ ಎಳೆದು ಸೊಟ್ಟಗಾಗುವುದಿಲ್ಲ.

* * *

ಬಣ್ಣದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ಬಿಳಿ ಫಾಂಡಂಟಿಗೆ ಕಪ್ಪು ಬಣ್ಣ ಸುರಿಯುತ್ತ ಹೋದರೆ ಕಹಿಯಾಗುತ್ತದೆ, ತಿಂದವರ ಹಲ್ಲೂ ಕಪ್ಪಾಗುತ್ತದೆ. ಗಾಢ ಕೋಕೋ ಬೆರೆಸಿದ ಕಂದು ಫಾಂಡಂಟಿನಿಂದ ಆರಂಭಿಸಿದರೆ ಸ್ವಲ್ಪವೇ ಬಣ್ಣ ಸಾಕಾಗುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಬಣ್ಣ ಇನ್ನೂ ಗಾಢವಾಗುವುದರಿಂದ ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾಗಿದ್ದಾಗಲೇ ಕೈ ತಡೆಯಿರಿ. ಲೋಹದ ಹೊಳಪಿನ ಪುಡಿ ಬಳಸುವುದಾದರೆ ಡಬ್ಬಿಯ ಮೇಲೆ ತಿನ್ನಲು ಯೋಗ್ಯ ಎಂದು ಸ್ಪಷ್ಟವಾಗಿ ಬರೆದಿರಬೇಕು, ಪದಾರ್ಥಗಳ ಪಟ್ಟಿಯೂ ಇರಬೇಕು. ನಾನ್ ಟಾಕ್ಸಿಕ್ ಎಂಬ ಮಾತಿಗೆ ತಿನ್ನಬಹುದು ಎಂಬ ಅರ್ಥವಿಲ್ಲ. ಒಳಗೆ ಎಲ್‌ಇಡಿ ಉರಿಸುವ ಆಸೆಯನ್ನಂತೂ ಮಕ್ಕಳಿರುವ ಮನೆಯಲ್ಲಿ ಬಿಟ್ಟುಬಿಡಿ, ಗುಂಡಿಯಂಥ ಬ್ಯಾಟರಿಯನ್ನು ನುಂಗಿದರೆ ಪ್ರಾಣಕ್ಕೇ ಅಪಾಯ.

* * *

ನನ್ನದು ಕ್ಯೂಆರ್ ಕೋಡ್ ಕೇಕ್. ಅತಿ ಚಿಕ್ಕ ಕೋಡಿಗೂ 21 × 21 ಚೌಕಗಳಿರುತ್ತವೆ, ಅಂದರೆ 441. ಕೈಯಿಂದ ಕತ್ತರಿಸುವ ಹುಚ್ಚಿಗೆ ಬೀಳದೆ ತಿನ್ನಬಹುದಾದ ಐಸಿಂಗ್ ಹಾಳೆಯ ಮೇಲೆ ಮುದ್ರಿಸಿಕೊಂಡೆ. ಕನ್ನಡದಲ್ಲಿ ಶುಭಾಶಯ ಬರೆದರೆ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹೋಗುವುದರಿಂದ ಕೋಡ್ ದೊಡ್ಡದಾಗುತ್ತದೆ, ಚೌಕಗಳು ಸಣ್ಣವಾಗುತ್ತವೆ. ಸುತ್ತಲೂ ನಾಲ್ಕು ಚೌಕಗಳಷ್ಟು ಖಾಲಿ ಬಿಳಿ ಅಂಚು ಬೇಕು. ಅಂದವಾಗಿರಲೆಂದು ನಾನು ಆ ಅಂಚಿಗೆ ಕ್ರೀಮಿನ ಹೂ ಹಾಕಿದೆ, ಯಾವ ಫೋನೂ ಓದಲಿಲ್ಲ. ಹೂಗಳನ್ನು ಕೆರೆದು ತೆಗೆದ ಮೇಲೆ ತಕ್ಷಣ ಓದಿತು.

* * *

ಎಲ್ಲರಿಗೂ ಕೃತಜ್ಞತೆಗಳು. ಟೆಟ್ರಿಸ್ ಮಾಡುವುದೆಂದು ನಿರ್ಧರಿಸಿ, ಕಾಗದದ ಚೌಕಗಳನ್ನು ಕತ್ತರಿಸಲು ಕುಳಿತಿದ್ದೇನೆ. ಇಷ್ಟು ಸರಳವಾದದ್ದು ಸಪ್ಪೆ ಎನಿಸದೇ ಎಂಬುದೊಂದೇ ಅಳುಕು. ಮೇಣದಬತ್ತಿಗಳನ್ನು ಎಲ್ಲಿ ಚುಚ್ಚುವುದೆಂದೂ ತಿಳಿಯುತ್ತಿಲ್ಲ.

* * *

ಅಳುಕು ಬೇಡ. 2006ರಲ್ಲಿ ಫೈರ್‌ಫಾಕ್ಸ್ 2 ಬ್ರೌಸರ್ (ಜಾಲತಾಣಗಳನ್ನು ತೆರೆಯುವ ತಂತ್ರಾಂಶ) ಬಿಡುಗಡೆಯಾದಾಗ ಎದುರಾಳಿ ಬ್ರೌಸರ್ ಆದ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂಡದವರು ಫೈರ್‌ಫಾಕ್ಸ್ ರೂಪಿಸಿದ ಮೊಜಿಲ್ಲಾಕ್ಕೆ ಕಳುಹಿಸಿದ ಕೇಕಿನ ಮೇಲೆ ತಮ್ಮ ಲಾಂಛನ ಮತ್ತು ಒಂದು ಅಭಿನಂದನೆಯ ಸಾಲಿಗಿಂತ ಹೆಚ್ಚಿನದೇನೂ ಇರಲಿಲ್ಲ, ಆದರೂ ಅದರ ಮಾತು ಇಂದಿಗೂ ಬರುತ್ತಿರುತ್ತದೆ.

ಮೇಣದಬತ್ತಿಗಳು ಆರೇ ಸಾಕು. 32 ಎಂಬುದು, 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ, 100000. ಉರಿಯುವ ಬತ್ತಿ 1, ಉರಿಯದ್ದು 0. ಕಳೆದ ವರ್ಷವಾಗಿದ್ದರೆ 31ಕ್ಕೆ ಐದು ಬತ್ತಿಗಳೂ ಉರಿಯಬೇಕಿತ್ತು. ಈ ವರ್ಷ ಆರನ್ನು ಸಾಲಾಗಿ ನಿಲ್ಲಿಸಿ ಎಡತುದಿಯದನ್ನು ಮಾತ್ರ ಹಚ್ಚಿ. ಆ ಎಡತುದಿ ನಿಮ್ಮ ತಮ್ಮನ ಎಡಕ್ಕೇ ಬರುವಂತೆ ಕೇಕನ್ನು ತಿರುಗಿಸಿಡಿ. ಮೇಜಿನ ಆಚೆ ಬದಿಯಿಂದ ಓದುವವರಿಗೆ ಅವನಿಗೆ ಈಗಷ್ಟೇ ಒಂದು ವರ್ಷ ತುಂಬಿದೆ.