ಗೌಡ್ರ ಅಳಿಯನ ಎರಡನೇ ಕೋವಿ

ತೀರ್ಥಹಳ್ಳಿಯಿಂದ ಆಗುಂಬೆ ದಾರಿ ಹಿಡಿದು, ಎಡಕ್ಕೆ ಮಣ್ಣುರಸ್ತೆಗೆ ಇಳಿದರೆ ಗೌಡ್ರ ಮನೆ. ಅಂಗಳದಲ್ಲಿ ಅಡಕೆ ರಾಶಿ, ಸುತ್ತ ಮೆಟ್ಟುಗತ್ತಿ ಇಟ್ಕೊಂಡು ಭಟ್ರು, ಮಾಷ್ಟ್ರು, ಅಂಗಡಿ ಶೆಟ್ರು, ನಾನು. ಗೌಡ್ರು ಸುಲಿಯೋದಿಲ್ಲ. ಅವರದ್ದು ಯಜಮಾನಿಕೆ, ಕವಳ ಮತ್ತು ಸುದ್ದಿ.

"ಅಳಿಯ ಫೋನು ಮಾಡಿದ್ದ" ಅಂದ್ರು. "ಇನ್ನೊಂದು ಕೋವಿ ತಗೋತಾನಂತೆ. ಯಾವುದು ತಗೊಳ್ಲಿ ಮಾವ ಅಂತ ನನ್ನ ಕೇಳಿದ."

ಅಳಿಯ ಇರೋದು ಅಮೆರಿಕದ ಮೊಂಟಾನಾದಲ್ಲಿ. ಅಲ್ಲಿ ಲೈಸೆನ್ಸ್ ತಗೊಂಡು ಸೀಸನ್ನಿನಲ್ಲಿ ಬೇಟೆಗೆ ಹೋಗಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅನ್ನೋದು ಮುದುಕರ ಬಾಯಲ್ಲಿ ಮಾತ್ರ ಉಳಿದಿದೆ, ಅಲ್ಲಿ ಹುಲಿ ವರ್ಷವರ್ಷ ಒಂದೊಂದು ಮೊಳ ಉದ್ದ ಆಗ್ತಾ ಹೋಗ್ತದೆ.

"ಈಗ ಇರೋದು ಯಾವುದು?" ಮಾಷ್ಟ್ರು ಕೇಳಿದರು.

"ಥರ್ಟಿ-ಆಟ್-ಸಿಕ್ಸ್ ಅಂದ."

ಮಾಷ್ಟ್ರು ಬಿಡಿಸಿ ಹೇಳಿದರು: "ಥರ್ಟಿ ಅಂದ್ರೆ ನಳಿಗೆ ಬಾಯಿ ಒಂದಿಂಚಿನ ನೂರರಲ್ಲಿ 30 ಪಾಲು. ಸಿಕ್ಸ್ ಅಂದ್ರೆ 1906, ಅಲ್ಲಿನ ಸೈನ್ಯ ಆ ತೋಟಾ, ಅಂದ್ರೆ ಕಾಡತೂಸು, ಶುರು ಮಾಡಿದ ವರ್ಷ."

"ಹಂಗಾದ್ರೆ ನನ್ನ ಅಜ್ಜನ ಓರಗೆಯದ್ದು" ಅಂದ್ರು ಭಟ್ರು. ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ, ಆದರೆ ಕೋವಿ ವಿಷಯ ಬಂದರೆ ಮೊದಲ ಮಾತು ಅವರದ್ದೇ.

ಗೌಡ್ರಿಗೆ ಕಸಿವಿಸಿ. "ಹಂಗಾರೆ ನನ್ನ ಹನ್ನೆರಡು ಬೋರಿನದ್ದು ಹನ್ನೆರಡಿಂಚಾ?"

"ಅಲ್ಲ ಮಾರಾಯ್ರೆ. ಅದಕ್ಕೆ ಬೇರೆ ಲೆಕ್ಕ. ಒಂದು ಪೌಂಡು ಸೀಸದಲ್ಲಿ ಸಮಸಮ 12 ಗುಂಡು ಮಾಡಿದ್ರೆ ಒಂದೊಂದು ಎಷ್ಟು ದಪ್ಪ ಬರ್ತದೋ ಅಷ್ಟು ಬಾಯಿ. ಅದಕ್ಕೇ 20 ಬೋರಿನದ್ದು 12ಕ್ಕಿಂತ ಸಣ್ಣ."

"ಹೋಳಿಗೆ ಲೆಕ್ಕ" ಶೆಟ್ರಿಗೆ ತಟ್ಟನೆ ಹೊಳೀತು. "ಒಂದು ಸೇರು ಹೂರಣದಲ್ಲಿ 12 ಉಂಡೆ ಕಟ್ಟಿದ್ರೆ ಗೌಡ್ರ ಮನೇದು, 20 ಕಟ್ಟಿದ್ರೆ ಭಟ್ರ ಮನೇದು."

ಭಟ್ರು ಇದಕ್ಕೆ ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಅಡಕೆಯನ್ನು ಕತ್ತಿಗೆ ಜೋರಾಗಿ ಒತ್ತಿದರು, ಸಿಪ್ಪೆ ಹಾರಿ ಶೆಟ್ರ ಚಹದ ಲೋಟಕ್ಕೆ ಬಿತ್ತು.

ಅಳಿಯ ಮೂರು ಬಗೆ ಕೋವಿಯ ನಂಬರು ಬರೆಸಿದ್ದ. ಗೌಡ್ರು ಅದನ್ನು ಸೊಸೈಟಿ ರಶೀದಿ ಹಿಂದೆ ಬರ್ಕೊಂಡಿದ್ದರು: .270, .243, .375.

".270 ಬೇಡವೇ ಬೇಡ" ಅಂದ್ರು ಮಾಷ್ಟ್ರು. "1925ರದ್ದು. ತೋಟಾ ಒಳ್ಳೇದೇ, ಆದ್ರೆ ಥರ್ಟಿ-ಆಟ್-ಸಿಕ್ಸಿನ ಕುತ್ತಿಗೆ ಹಿಸುಕಿದ್ರೆ ಅದೇ. ಚೊಂಬು ಅದೇ, ಬಾಯಿ ಮಾತ್ರ ಸಣ್ಣ. ಅದು ಹೊಡೆಯೋ ಪ್ರಾಣಿನೇ ಇದೂ ಹೊಡೀತದೆ. ಸೊಪ್ಪುಗತ್ತಿ ಇರೋನು ಇನ್ನೊಂದು ಸೊಪ್ಪುಗತ್ತಿ ತಗೋತಾನಾ?"

"ನಮ್ಮನೇಲಿ ನಾಲ್ಕಿದೆ" ಅಂದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.

"ದೊಡ್ಡದೇ ತಗೊಳ್ಲಿ, .375" ಅಂದ್ರು ಭಟ್ರು. "ತಗೊಂಡಮೇಲೆ ಗತ್ತು ಇರ್ಬೇಕು."

"ಅದು 1912ರಿಂದ ಆಫ್ರಿಕದ ಕಾಡೆಮ್ಮೆ, ಆನೆ ಅಂತ ಹೊರಟವರ ಕೈಲಿದ್ದದ್ದು ಭಟ್ರೆ. ಒದ್ರೆ ಹೆಗಲು ಕಿತ್ಕೊಂಡು ಬರ್ತದೆ. ಮೊಂಟಾನಾದಲ್ಲಿ ಇರೋದು ಎಲ್ಕ್, ನಮ್ಮ ಕಡವೆಯ ದೊಡ್ಡಪ್ಪನ ಮಗ ಅಂತಿಟ್ಕೊಳ್ಳಿ. ಅದಕ್ಕೆ ಮನೇಲಿರೋ ಕೋವಿನೇ ಧಾರಾಳ."

ಉಳಿದದ್ದು .243. 1955ರಲ್ಲಿ ಬಂದದ್ದು. ಗುಂಡು ಸಣ್ಣ, ಒದೆತ ಕಮ್ಮಿ. ಸಣ್ಣ ಜಿಂಕೆ, ನಾಯಿಜಾತಿಯ ಕಯೋಟಿಗೆ ಸರಿಹೊಂದ್ತದೆ. ಮಾಷ್ಟ್ರು ತೂಕ ಬಿಡಿಸಿದರು: ಇದರ ಗುಂಡು 100 ಗ್ರೇನು ಅಂದ್ರೆ ಆರೂವರೆ ಗ್ರಾಂ, ಅಳಿಯನ ಈಗಿನ ಕೋವಿಗೆ 180 ಗ್ರೇನಿನ ಗುಂಡು ಹಾಕಿದ್ರೆ ಹನ್ನೊಂದೂಮುಕ್ಕಾಲು ಗ್ರಾಂ ಹತ್ತಿರ.

ಶೆಟ್ರ ಕೈ ನಿಂತಿತು. "ಹನ್ನೊಂದೂಮುಕ್ಕಾಲು! ಹತ್ತತ್ರ ಒಂದೂವರೆ ಪವನ್ನು. ಒಂದ್ಸಲ ಢಂ ಅಂದ್ರೆ ಒಂದೂವರೆ ಪವನ್ನು ಕಾಡಿಗೆ ಎಸೆದಂಗೆ."

"ಸೀಸ ಶೆಟ್ರೆ, ಬಂಗಾರ ಅಲ್ಲ."

"ಗೊತ್ತು. ಆದ್ರೂ ತೂಕ ತೂಕವೇ."

ಅಲ್ಲಿಂದ ಮಾತು ಗೌಡ್ರ ಕೋವಿಗೆ ಬಂತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿರೋ ಜೋಡುನಳಿಗೆ. ಅವರಿಗೂ ಎರಡನೆಯದರ ಆಸೆ ಇದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರಿದ್ದದ್ದನ್ನು ಎರಡಕ್ಕೆ ಇಳಿಸಿದ್ದಾರೆ, ಇನ್ನೊಂದಕ್ಕೆ ಜಾಗ ಇದೆ. ಆದರೆ ಇರುವ ಒಂದರ ಕತೆಯೇ ನೋಡಿ. ಆಯುಧ ಪೂಜೆಯ ಗಂಧ, ಕುಂಕುಮ ಹಿಡಿಯ ಮೇಲೆ ಒಣಗಿ ಗಟ್ಟಿಯಾಗಿದೆ. ಕೋವಿ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಸವರಿದ್ದರಿಂದ ಎಡ ನಳಿಗೆಯಲ್ಲಿ ಕಟ್ಟಿರುವೆ ಸಂಸಾರ ಹೂಡಿತ್ತು. ಹಳೇ ಕಾಗದದ ತೋಟಾ ಮಳೆಗಾಲದ ಥಂಡಿಗೆ ಉಬ್ಬಿ ಒಳಗೇ ಹೋಗದು. ಚುನಾವಣೆ ಬಂತೋ, ಕೋವಿ ಠಾಣೆಗೆ. ಅದು ಅತ್ತ ಹೋದ ಮರುದಿನವೇ ಮಂಗನ ಹಿಂಡು ಇತ್ತ ತೋಟಕ್ಕೆ. ಮಂಗಗಳ ಹತ್ತಿರ ಚುನಾವಣಾ ವೇಳಾಪಟ್ಟಿ ಇದೆ ಅಂತ ಗೌಡ್ರ ಖಚಿತ ನಂಬಿಕೆ. ಕೋವಿ ಮನೆಯಲ್ಲಿದ್ದಾಗಲೂ ಮಂಗಕ್ಕೆ ಹೊಡೆಯುವಂತಿಲ್ಲ, ಅದು ಬೇರೆ ಮಾತು. ಈ ಗುಟ್ಟು ಮಂಗಗಳಿಗೆ ಗೊತ್ತಾಗದಿರಲಿ ಅಂತ ಗೌಡ್ರು ಅದನ್ನು ತೋಟದಲ್ಲಿ ನಿಂತು ಯಾವತ್ತೂ ಮಾತಾಡೋದಿಲ್ಲ.

ರಾತ್ರಿ ಒಂಬತ್ತು ಗಂಟೆಗೆ ಮತ್ತೆ ಫೋನು. ಅಲ್ಲಿ ಬೆಳಗ್ಗೆ ಎಂಟೂವರೆ. ಗೌಡ್ರು ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು, ಚೊಂಬು, ಸೊಪ್ಪುಗತ್ತಿ, ಕಡವೆ ಎಲ್ಲ ಸೇರಿಸಿ ತೀರ್ಪು ಕೊಟ್ಟರು: "ಇರೋದರ ಪಕ್ಕದ್ದು ಬೇಡ, ದೂರದ್ದು ತಗೊ. .243."

"ಆಯ್ತು ಮಾವ, ನಂದೂ ಅದೇ ಲೆಕ್ಕ" ಅಂದ ಅಳಿಯ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಧ್ವನಿ ತಗ್ಗಿಸಿ, "ಅಂಗಡಿಯವರ ಹತ್ರ ವಾರದ ಹಿಂದೇನೇ ಕೇಳಿ ಆಗಿತ್ತು. ನಿಮ್ಮನ್ನ ಕೇಳಿದ್ದು ಯಾಕಂದ್ರೆ, ನಿಮ್ಮ ಮಗಳು ಬೇಡ ಅಂತ ಹಟ ಹಿಡಿದಿದ್ದಾಳೆ. ಅಪ್ಪಯ್ಯನೇ ತಗೊ ಅಂದ್ರು ಅಂತ ನೀವೇ ಒಂದು ಮಾತು ಹೇಳಿಬಿಡಿ. ಇಗೊ, ಇಲ್ಲೇ ಇದ್ದಾಳೆ, ಕೊಟ್ಟೆ."

"ಅಪ್ಪಯ್ಯಾ?" ಅಂತು ಫೋನು. ಆ ಧ್ವನಿಯಲ್ಲಿ ಆಗಲೇ ಕೇಪು ಸಿಡಿದಿತ್ತು.

ಗೌಡ್ರು ಫೋನನ್ನು ಒಳಗಿಂದ ಬರ್ತಿದ್ದ ಗೌಡ್ತಿಯ ಕೈಗೆ ದಾಟಿಸಿ, ನನ್ನನ್ನು ಎಬ್ಬಿಸಿ, ನನ್ನ ಮೆಟ್ಟುಗತ್ತಿ ಮುಂದೆ ಕೂತು ಸುಲಿಯತೊಡಗಿದರು. ಅಷ್ಟು ಚುರುಕಾಗಿ ಅವರು ಅಡಕೆ ಸುಲಿದದ್ದನ್ನು ನಾವ್ಯಾರೂ ಕಂಡಿರಲಿಲ್ಲ.