ಗೆಳೆಯನಿಗಾಗಿ ಗೇಮಿಂಗ್ ಕಂಪ್ಯೂಟರ್: ಇಲ್ಲಿ ಜೋಡಿಸಿ ಒಯ್ಯಲೇ, ಅಲ್ಲಿಗೇ ಹೋಗಿ ಜೋಡಿಸಲೇ?

ಸ್ಕ್ರೂಪೆಟ್ಟಿಗೆ:

ನನಗಾಗಿ ಈವರೆಗೆ ಮೂರು ಕಂಪ್ಯೂಟರ್ ಜೋಡಿಸಿಕೊಂಡಿದ್ದೇನೆ. ಆಗೆಲ್ಲ ಏನು ಕೆಟ್ಟರೂ ನನ್ನದೇ ಕೆಡುತ್ತಿತ್ತು, ಹಣವೂ ನನ್ನದೇ ಹೋಗುತ್ತಿತ್ತು. ಈ ಬಾರಿ ಹಾಗಲ್ಲ. ಬಾಲ್ಯದ ಗೆಳೆಯನೊಬ್ಬ ಆರು ವರ್ಷ ಕೂಡಿಟ್ಟ ಹಣವನ್ನು ನನ್ನ ಕೈಗಿಟ್ಟು, "ನಿನಗೆ ಸರಿ ಕಂಡದ್ದನ್ನು ತೆಗೆದುಕೋ, ನನಗೆ ಹಾರಲು ಆದರೆ ಸಾಕು" ಎಂದಿದ್ದಾನೆ.

ಅವನು ಆಡುವುದು ಒಂದೇ ಆಟ, ವಿಮಾನ ಹಾರಿಸುವ ಸಿಮ್ಯುಲೇಟರ್. ಶಾಲೆಯ ದಿನಗಳಿಂದಲೂ ಪೈಲಟ್ ಆಗಬೇಕೆಂದಿದ್ದವನು. ವೈದ್ಯಕೀಯ ತಪಾಸಣೆಯಲ್ಲಿ ಕೆಂಪು ಮತ್ತು ಹಸಿರನ್ನು ಅವನ ಕಣ್ಣು ಸರಿಯಾಗಿ ಬೇರ್ಪಡಿಸುವುದಿಲ್ಲ ಎಂದು ಗೊತ್ತಾಗಿ ಆ ದಾರಿ ಅಲ್ಲಿಗೇ ನಿಂತಿತು. ಈಗ ಎಂಟು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಹಾರಿಸುತ್ತಾನೆ. ಎತ್ತರದಲ್ಲಿದ್ದಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ದೊಡ್ಡ ನಗರದ ವಿಮಾನ ನಿಲ್ದಾಣಕ್ಕೆ ಇಳಿಯುವ ಹೊತ್ತಿಗೆ, ಕೈ ಅತ್ಯಂತ ಸ್ಥಿರವಾಗಿರಬೇಕಾದ ಆ ಒಂದೂವರೆ ನಿಮಿಷದಲ್ಲಿ, ಚಿತ್ರ ತಡವರಿಸುತ್ತದೆ. ಅದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ನನಗೆ ಹೋಗಲಾಡಿಸಬೇಕಿರುವುದು ಅದನ್ನೇ.

ನಾನು ಬರೆದುಕೊಂಡಿರುವ ಪಟ್ಟಿ: ರೈಜನ್ 9 9950ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ನಾಲ್ಕು ಡಿಡಿಆರ್5 ರ‍್ಯಾಮ್, 360 ಮಿಲಿಮೀಟರಿನ ವಾಟರ್ ಕೂಲರ್, 2 ಟಿಬಿ ಎಸ್‌ಎಸ್‌ಡಿ. ನನ್ನಲ್ಲಿ ಬಳಸದೆ ಉಳಿದಿರುವ 1000 ವಾಟ್‌ನ ಪವರ್ ಸಪ್ಲೈ ಒಂದಿದೆ, ಅದನ್ನೇ ಹಾಕೋಣವೆಂದುಕೊಂಡಿದ್ದೇನೆ. ಮಾನಿಟರ್ 4ಕೆ, 144 ಹರ್ಟ್ಸ್‌ನದು, ಅದು ಅವನಲ್ಲಿ ಆಗಲೇ ಇದೆ. ಮುಂದೆ ಇನ್ನೆರಡು ಸೇರಿಸುವ ಆಸೆಯೂ ಇದೆ.

ಎರಡು ಸಂಗತಿ ನೆನಪಿರಲಿ. ಅವನ ಪಕ್ಕದ ಕೋಣೆಯಲ್ಲಿ ಎಳೆಯ ಮಗು ಮಲಗುತ್ತದೆ, ಆದ್ದರಿಂದ ಸದ್ದು ಆದಷ್ಟು ಕಡಿಮೆ ಇರಬೇಕು. ಮತ್ತು ಅವನ ಊರು ಇಲ್ಲಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ. ಏನಾದರೂ ಕೈಕೊಟ್ಟರೆ ನಾನು ಫೋನಿನಲ್ಲಿ ಮಾತ್ರ ಸಿಗುತ್ತೇನೆ. ನನ್ನ ಮನೆಯಲ್ಲೇ ಪೂರ್ತಿ ಜೋಡಿಸಿ ಒಯ್ಯುವುದು ಸರಿಯೇ, ಬಿಡಿಭಾಗಗಳನ್ನು ಹೊತ್ತುಕೊಂಡು ಹೋಗಿ ಅಲ್ಲೇ ಜೋಡಿಸುವುದು ಸರಿಯೇ? ನನಗೆ ಸಿಗುವುದು ಎರಡೇ ದಿನ.

ನಿಶ್ಶಬ್ದ_22:

ಪಟ್ಟಿಯ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ಮೂರು ಬದಲಾವಣೆ ಆಗಲೇಬೇಕು.

9950ಎಕ್ಸ್ ಬೇಡ. ಅದರ 16 ಕೋರ್‌ಗಳು ವಿಡಿಯೊ ಸಂಕಲನ ಮಾಡುವವರಿಗೆ ಬೇಕು. ಸಿಮ್ಯುಲೇಟರಿನ ಭಾರವೆಲ್ಲ ಬೀಳುವುದು ಒಂದೆರಡು ಕೋರ್‌ಗಳ ಮೇಲೆ, ಮತ್ತು ಆ ಕೋರ್‌ಗಳು ಮಾಹಿತಿಗಾಗಿ ರ‍್ಯಾಮ್‌ನ ವರೆಗೆ ಓಡಾಡುವುದರಲ್ಲೇ ಸಮಯ ಕಳೆಯುತ್ತವೆ. ರೈಜನ್ 7 9800ಎಕ್ಸ್3ಡಿಯಲ್ಲಿ ಎಂಟೇ ಕೋರ್ ಇದ್ದರೂ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ, 96 ಎಂಬಿ. 9950ಎಕ್ಸ್‌ನಲ್ಲಿ ಅದು 64, ಅದೂ ಎರಡು ತುಂಡಾಗಿ ಹಂಚಿಹೋಗಿದೆ. ನಿಮ್ಮ ಗೆಳೆಯನಿಗೆ ಇಳಿಯುವಾಗ ಕಾಣುವ ತಡವರಿಕೆ ಇದೆಯಲ್ಲ, ಅದಕ್ಕೆ ಮದ್ದು ಈ ಕ್ಯಾಶ್. ನಗರ, ಕಟ್ಟಡಗಳು, ಇತರ ವಿಮಾನಗಳು ಒಟ್ಟಿಗೆ ಎದುರಾದಾಗ ಕಾರ್ಡಿಗಿಂತ ಮೊದಲು ಸೋಲುವುದು ಪ್ರೊಸೆಸರ್. ಹಳೆಯ ಕಂಪ್ಯೂಟರಿನಲ್ಲಿಯೂ ಬಹುಶಃ ಅದೇ ಆಗುತ್ತಿತ್ತು.

ನಾಲ್ಕು ರ‍್ಯಾಮ್ ಬೇಡ, 32 ಜಿಬಿಯ ಎರಡು ತೆಗೆದುಕೊಳ್ಳಿ. ಈ ಪ್ರೊಸೆಸರಿನಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. ಎರಡೇ ಇದ್ದರೆ 6000ದಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ಸಿಎಲ್30 (ರ‍್ಯಾಮ್ ಉತ್ತರಿಸಲು ಮಾಡುವ ತಡದ ಅಳತೆ) ಎಂದು ಬರೆದಿರುವ ಜೋಡಿ ಹುಡುಕಿ, ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಿ. ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಎಕ್ಸ್‌ಪೊ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 6000ದ ರ‍್ಯಾಮ್ ಕೂಡ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ವರ್ಷಗಟ್ಟಲೆ ಗೊತ್ತಾಗದೆ ಹಾಗೇ ಬಳಸಿದವರನ್ನು ನೋಡಿದ್ದೇನೆ.

ವಾಟರ್ ಕೂಲರ್ ಬೇಡ. ಅದರಲ್ಲಿ ಪಂಪ್ ಇದೆ, ಪಂಪಿಗೆ ಸದ್ದಿದೆ, ಒಂದಲ್ಲ ಒಂದು ದಿನ ಅದು ನಿಲ್ಲುತ್ತದೆ, ಆ ದಿನ ನೀವು ಒಂದು ರಾತ್ರಿಯ ದೂರದಲ್ಲಿರುತ್ತೀರಿ. 9800ಎಕ್ಸ್3ಡಿಯ ನಿಗದಿತ ಶಾಖ 120 ವಾಟ್. ಆಟದಲ್ಲಿ ಅಷ್ಟೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಜೋಡಿ ಗೋಪುರದ ಏರ್ ಕೂಲರ್ ಧಾರಾಳವಾಗಿ ಸಾಕು. ಫ್ಯಾನ್ ಕೆಟ್ಟರೆ ಅವರೇ ಬೇರೆ ಫ್ಯಾನ್ ಸಿಕ್ಕಿಸಬಹುದು. ಇಂಥ ಕೂಲರ್‌ಗಳ ಎತ್ತರ 165 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಕ್ಯಾಬಿನೆಟ್ ಆರಿಸುವಾಗ ಅಳತೆ ನೋಡಿಕೊಳ್ಳಿ.

5090 ಬಗ್ಗೆ ನನ್ನ ತಕರಾರಿಲ್ಲ. ಒಂದೇ ಮಾನಿಟರ್ ಆಗಿದ್ದರೆ 5080 ಸಾಕು ಎನ್ನುತ್ತಿದ್ದೆ. ಮೂರು 4ಕೆ ಪರದೆ ಎಂದರೆ ಎರಡೂವರೆ ಕೋಟಿಯಷ್ಟು ಪಿಕ್ಸೆಲ್. ಅಲ್ಲಿ 5080 ಕಾರ್ಡಿನ 16 ಜಿಬಿ ಮೆಮೊರಿ ಇಕ್ಕಟ್ಟಾಗುತ್ತದೆ, 5090ರ 32 ಜಿಬಿ ಬೇಕೆನಿಸುತ್ತದೆ. ಆದರೆ ಅದರ ವಿದ್ಯುತ್ ಮಿತಿಯನ್ನು ಶೇಕಡಾ ನೂರರಿಂದ 80ಕ್ಕೆ ಇಳಿಸಿ. 575 ವಾಟ್ 460 ಆಗುತ್ತದೆ. ನನ್ನ ಕಾರ್ಡಿನಲ್ಲಿ ಇದರಿಂದ ಕಳೆದುಕೊಂಡದ್ದು ನೂರರಲ್ಲಿ ಐದು ಫ್ರೇಮ್‌ಗಿಂತ ಕಡಿಮೆ, ಫ್ಯಾನಿನ ಸದ್ದಿನಲ್ಲಿ ಆದ ವ್ಯತ್ಯಾಸ ಮಾತ್ರ ಕೋಣೆಯ ಹೊರಗಿನಿಂದಲೇ ತಿಳಿಯುವಷ್ಟಿತ್ತು. ಮಗು ಮಲಗುವ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಎಂಟು_ಪಿನ್:

ಹಳೆಯ ಪವರ್ ಸಪ್ಲೈಯನ್ನು ದಯವಿಟ್ಟು ಹಾಕಬೇಡಿ. ವಾಟ್ ಸಾಕಾಗುತ್ತದೆ, ನಿಜ. ಆದರೆ ನಾಲ್ಕು 8 ಪಿನ್ ವೈರುಗಳನ್ನು ಅಡಾಪ್ಟರಿಗೆ ಸೇರಿಸಿ, ಅದನ್ನು ಕಾರ್ಡಿಗೆ ಸೇರಿಸಿದರೆ ಸಡಿಲವಾಗಲು ಅಷ್ಟು ಜಾಗಗಳು ಹೆಚ್ಚಾದಂತೆ. ಎಟಿಎಕ್ಸ್ 3.1 ಎಂಬ ಹೊಸ ಮಾನದಂಡದ ಪವರ್ ಸಪ್ಲೈ ಕೊಂಡರೆ, ಕಾರ್ಡಿಗೆ ನೇರವಾಗಿ ಸಿಕ್ಕಿಸುವ 12ವಿ-2ಎಕ್ಸ್6 ವೈರು ಅದರಲ್ಲೇ ಬರುತ್ತದೆ.

ಲೆಕ್ಕ ಹಾಕಿ ನೋಡಿ. 575 ವಾಟ್ ಅನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 48 ಆಂಪಿಯರ್. ಅದು ಹರಿಯುವುದು ಆರು ತಂತಿಗಳಲ್ಲಿ, ಅಂದರೆ ಒಂದೊಂದರಲ್ಲಿ 8. ಆ ಪುಟ್ಟ ಪಿನ್ನುಗಳ ಸಹನೆಯ ಮಿತಿ ಅಲ್ಲಿಂದ ಬಹಳ ದೂರವಿಲ್ಲ. ಒಂದೆರಡು ಪಿನ್ ಸರಿಯಾಗಿ ಕೂರದಿದ್ದರೆ ಅವುಗಳ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. 2022ರಲ್ಲಿ ಹಿಂದಿನ ಪೀಳಿಗೆಯ ಆರ್‌ಟಿಎಕ್ಸ್ 4090 ಕಾರ್ಡ್ ಬಂದಾಗ ಕನೆಕ್ಟರ್ ಕರಗಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆನಂತರ ಬಂದ ಈ ಹೊಸ ಕನೆಕ್ಟರಿನಲ್ಲಿ ಸಂಕೇತದ ನಾಲ್ಕು ಪಿನ್ನುಗಳನ್ನು ಗಿಡ್ಡ ಮಾಡಿದ್ದಾರೆ, ಪೂರ್ತಿ ಒಳಗೆ ಹೋಗದಿದ್ದರೆ ಕಾರ್ಡ್ ವಿದ್ಯುತ್ತನ್ನೇ ಎಳೆಯಬಾರದೆಂದು. ಅದು ಒಳ್ಳೆಯದೇ, ಆದರೂ ಬೆಳಕು ಹಿಡಿದು ಕಣ್ಣಾರೆ ನೋಡಿ. ಕನೆಕ್ಟರಿಗೂ ಕಾರ್ಡಿಗೂ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು. ವೈರನ್ನು ಕನೆಕ್ಟರಿನ ಬುಡದಲ್ಲೇ ಬಗ್ಗಿಸಬೇಡಿ, ಮೂರೂವರೆ ಸೆಂಟಿಮೀಟರ್ ನೇರವಾಗಿ ಬರಲಿ, ಆಮೇಲೆ ತಿರುಗಲಿ. 80ಕ್ಕೆ ಇಳಿಸುವ ಸಲಹೆ ಈ ಕಾರಣಕ್ಕೂ ಸರಿ. ಆಗ ಒಂದು ತಂತಿಗೆ ಆರೂವರೆ ಆಂಪಿಯರ್ ಕೂಡ ಆಗುವುದಿಲ್ಲ.

ಹಳೆಯ ಸಪ್ಲೈಯ ಬಿಡಿ ವೈರುಗಳನ್ನೂ ಹೊಸದಕ್ಕೆ ಬಳಸಬೇಡಿ. ತುದಿ ಹೊಂದಿಕೊಂಡರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು. ನಾನು ಹೀಗೆ ಒಂದು ಎಸ್‌ಎಸ್‌ಡಿ ಸುಟ್ಟಿದ್ದೇನೆ, ಅದರಲ್ಲಿ ತಂಗಿಯ ಮದುವೆಯ ಚಿತ್ರಗಳಿದ್ದವು.

ಜೋಡಿಸಿ ಒಯ್ಯುವುದಾದರೆ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲೇ ಒಯ್ಯಿರಿ. ಅಷ್ಟು ಭಾರದ ಕಾರ್ಡ್ ರೈಲಿನ ಕುಲುಕಾಟಕ್ಕೆ ಸ್ಲಾಟನ್ನೇ ಕಿತ್ತುಬಿಡಬಹುದು. ಕೂಲರಿಗೂ ಅದೇ ಮಾತು.

ಕಪ್ಪುಪರದೆ:

ಅಲ್ಲಿಗೇ ಹೋಗಿ ಅವರ ಕೈಯಿಂದಲೇ ಜೋಡಿಸಿಸಿ ಎಂಬುದು ನನ್ನ ಅಭಿಪ್ರಾಯ. ತಾನು ಒಮ್ಮೆ ಸಿಕ್ಕಿಸಿದ ವೈರನ್ನು ಮನುಷ್ಯ ಮತ್ತೆ ಮುಟ್ಟಲು ಹೆದರುವುದಿಲ್ಲ.

ಇನ್ನೊಂದು, ಯಾರೂ ಹೇಳದ ಮಾತು. ಮದರ್‌ಬೋರ್ಡಿನಲ್ಲಿ ತೊಂದರೆ ಸೂಚಿಸುವ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರ್, ರ‍್ಯಾಮ್, ಕಾರ್ಡ್, ಬೂಟ್. ಅನೇಕ ಬೋರ್ಡುಗಳಲ್ಲಿ ಅವು ಕೆಂಪು, ಹಳದಿ, ಬಿಳಿ, ಹಸಿರು. ನೀವು ಫೋನಿನಲ್ಲಿ "ಯಾವ ಬಣ್ಣದ ದೀಪ ಉರಿಯುತ್ತಿದೆ?" ಎಂದು ಕೇಳುತ್ತೀರಿ. ನಿಮ್ಮ ಗೆಳೆಯ ಏನು ಹೇಳಬೇಕು? ಪಕ್ಕದಲ್ಲಿ ಬರೆದಿರುವ ಅಕ್ಷರಗಳು ಸಾಸಿವೆಯಷ್ಟು ಚಿಕ್ಕವು, ಕಾರ್ಡಿನ ನೆರಳಿನಲ್ಲಿ ಕಾಣುವುದೂ ಇಲ್ಲ. ಎರಡಂಕಿಯ ಕೋಡ್ ತೋರಿಸುವ ಪುಟ್ಟ ಪರದೆ ಇರುವ ಬೋರ್ಡನ್ನೇ ಕೊಳ್ಳಿ. ಅಂಕಿಗೆ ಬಣ್ಣದ ಹಂಗಿಲ್ಲ.

ಸ್ಕ್ರೂಪೆಟ್ಟಿಗೆ:

ಕಪ್ಪುಪರದೆ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಪ್ಪತ್ತು ವರ್ಷದ ಗೆಳೆತನ, ಅವನ ಕಣ್ಣಿನ ವಿಷಯ ನಾನೇ ಇಲ್ಲಿ ಬರೆದೆ, ಆದರೂ ಇದು ಹೊಳೆದಿರಲಿಲ್ಲ. ಕೋಡ್ ಪರದೆ ಇರುವ ಬೋರ್ಡನ್ನೇ ತೆಗೆದುಕೊಳ್ಳುತ್ತೇನೆ. ಉಳಿದ ಬದಲಾವಣೆಗಳೂ ಒಪ್ಪಿಗೆ.

ಹೀಗೆ ಮಾಡೋಣವೆಂದಿದ್ದೇನೆ: ಇಲ್ಲಿ ಕ್ಯಾಬಿನೆಟ್ಟಿಗೆ ಹಾಕದೆ, ಬೋರ್ಡನ್ನು ಅದರ ಡಬ್ಬಿಯ ಮೇಲಿಟ್ಟು ಎಲ್ಲವನ್ನೂ ಸಿಕ್ಕಿಸಿ ನಾಲ್ಕು ರಾತ್ರಿ ಓಡಿಸಿ ಪರೀಕ್ಷಿಸುತ್ತೇನೆ. ಬಯೋಸ್ ಹೊಸದು ಮಾಡುತ್ತೇನೆ. ಆಮೇಲೆ ಬಿಚ್ಚಿ ಒಯ್ದು ಅಲ್ಲಿ ಅವನೊಂದಿಗೆ ಜೋಡಿಸುತ್ತೇನೆ. ಕೂಲರ್ ತೆಗೆಯುವಾಗ ಪ್ರೊಸೆಸರ್ ಅಂಟಿಕೊಂಡು ಕಿತ್ತು ಬರುವ ಭಯ ಇದೆಯೇ?

ನಿಶ್ಶಬ್ದ_22:

ಇಲ್ಲ. ಅದು ಹಿಂದಿನ ಎಎಂ4 ಸಾಕೆಟ್ಟಿನ ಕಾಟ. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಒತ್ತಿ ಹಿಡಿದಿರುತ್ತದೆ. ಕೂಲರನ್ನು ಮೇಲೆತ್ತುವ ಮುನ್ನ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ, ಅಷ್ಟೇ. ಪ್ರೊಸೆಸರ್ ಸಾಕೆಟ್ಟಿನಲ್ಲೇ ಪ್ರಯಾಣ ಮಾಡಲಿ; ಅಡಿಯ 1718 ಪಿನ್ನುಗಳಿಗೆ ಅದಕ್ಕಿಂತ ಒಳ್ಳೆಯ ಮುಚ್ಚಳವಿಲ್ಲ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ಅಲ್ಲಿ ಹೊಸದು ಹಚ್ಚಿ.

ಎಂಟು_ಪಿನ್:

ಗಾಜಿನ ಬಾಗಿಲಿನ ಕ್ಯಾಬಿನೆಟ್ ಆದರೆ ಆ ಗಾಜನ್ನು ಟೈಲ್ಸ್ ನೆಲದ ಮೇಲೆ ಒರಗಿಸಿ ಇಡಬೇಡಿ. ಅಂಚು ತಾಗಿದರೆ ಸಾಕು, ಪೂರ್ತಿ ಪುಡಿಯಾಗುತ್ತದೆ. ಹಾಸಿಗೆಯ ಮೇಲೆ ಮಲಗಿಸಿಡಿ.

ಸ್ಕ್ರೂಪೆಟ್ಟಿಗೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಆದದ್ದನ್ನೆಲ್ಲ ನಿಮಗೆ ಹೇಳಬೇಕು.

ಇಲ್ಲಿ ಪರೀಕ್ಷಿಸಿದ್ದು ಸಾರ್ಥಕವಾಯಿತು. ಎರಡನೆಯ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ದೋಷ ತೋರಿಸಿತು. ಎಕ್ಸ್‌ಪೊ ಆಫ್ ಮಾಡಿದೆ, ಆಗಲೂ ತೋರಿಸಿತು. ಒಂದೊಂದೇ ರ‍್ಯಾಮ್ ಹಾಕಿ ನೋಡಿದಾಗ ಎರಡರಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿತ್ತು. ಅಂಗಡಿಯವರು ಜೋಡಿಯನ್ನೇ ಬದಲಿಸಿಕೊಟ್ಟರು. ನೇರವಾಗಿ ಅಲ್ಲಿಗೆ ಹೋಗಿದ್ದರೆ ನನ್ನ ಎರಡು ದಿನವೂ ಅದಕ್ಕೇ ಹೋಗುತ್ತಿತ್ತು, ಬರಿಗೈಯಲ್ಲಿ ಮರಳಬೇಕಾಗುತ್ತಿತ್ತು.

ಅಲ್ಲಿ ಊಟದ ಮೇಜನ್ನು ಖಾಲಿ ಮಾಡಿಸಿ ಕುಳಿತೆವು. ಸ್ಕ್ರೂಡ್ರೈವರ್ ಅವನ ಕೈಯಲ್ಲಿತ್ತು, ನಾನು ಟಾರ್ಚ್ ಹಿಡಿದಿದ್ದೆ. ಡಬ್ಬಿಯ ಮುಚ್ಚಳ ಒತ್ತುತ್ತದೆಂದು ಪ್ರಯಾಣಕ್ಕೆ ರ‍್ಯಾಮ್ ಬಿಚ್ಚಿಟ್ಟಿದ್ದೆ, ಅದನ್ನು ಅವನೇ ಕೂರಿಸಿದ. ಎಷ್ಟು ಜೋರಾಗಿ ಒತ್ತಬೇಕೆಂಬ ಅಂಜಿಕೆ ಮೊದಲ ಬಾರಿ ಎಲ್ಲರಿಗೂ ಇರುವಂತೆ ಅವನಿಗೂ ಇತ್ತು. "ಕಟ್" ಎಂದಾಗ ಮುರಿದೇಹೋಯಿತೆಂದು ಕೈ ಹಿಂದೆ ತೆಗೆದ. ಅದು ಕೂತ ಸದ್ದು ಎಂದೆ. ಎರಡನೆಯದನ್ನು ನಗುತ್ತಾ ಒತ್ತಿದ. ಕಾರ್ಡಿನ ವೈರನ್ನು ಸಿಕ್ಕಿಸಿ, ಸಂದು ಇದೆಯೇ ಎಂದು ಮೂರು ಬಾರಿ ಬಗ್ಗಿ ನೋಡಿದ್ದೂ ಅವನೇ.

ಗುಂಡಿ ಒತ್ತಿದೆವು. ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಕೋಡ್ 15ರಲ್ಲಿ ನಿಂತಿತ್ತು. ರ‍್ಯಾಮ್ ಬಿಚ್ಚಿ ಮತ್ತೆ ಹಾಕಿದ್ದರಿಂದ ಬೋರ್ಡ್ ಅದರ ವೇಗ, ಕಾಲಮಾನಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿದೆಯೆಂದು ನನಗೆ ಗೊತ್ತಿತ್ತು. ಇಲ್ಲಿ ಮೊದಲ ಸಲವೂ ಹಾಗೇ ಆಗಿತ್ತು. ಆದರೂ ಗೆಳೆಯನ ಆರು ವರ್ಷದ ಉಳಿತಾಯ ಕಪ್ಪು ಪರದೆಯಾಗಿ ಎದುರಿಗಿರುವಾಗ ಗೊತ್ತಿರುವುದು ಅಷ್ಟೊಂದು ನೆರವಿಗೆ ಬರುವುದಿಲ್ಲ. ಅವನು ಕುರ್ಚಿ ಎಳೆದುಕೊಂಡು ಕುಳಿತು, "ಹದಿನೈದು, ಇನ್ನೂ ಹದಿನೈದು" ಎಂದು ಓದಿ ಹೇಳುತ್ತಿದ್ದ. ನಾಲ್ಕು ನಿಮಿಷ ಕಳೆದು ಅಂಕಿ ಬದಲಾಯಿತು, ಪರದೆ ಬೆಳಗಿತು.

ಮೊದಲ ಹಾರಾಟ ನಿರೀಕ್ಷಿಸಿದಷ್ಟು ನಯವಾಗಿರಲಿಲ್ಲ. ನೋಡಿದರೆ ವಿಂಡೋಸ್ ಮಾನಿಟರನ್ನು 60 ಹರ್ಟ್ಸ್‌ನಲ್ಲೇ ಇಟ್ಟಿತ್ತು. 144ಕ್ಕೆ ಬದಲಿಸಿದೆವು. ಕಾರ್ಡಿನ ಮಿತಿ 80ಕ್ಕೆ ಇಳಿಸಿದೆ. ನಡುರಾತ್ರಿ ಮಳೆಯಲ್ಲಿ ಇಳಿಯುವ ಹಾರಾಟವನ್ನು ಅವನೇ ಆರಿಸಿಕೊಂಡ, ಯಾವಾಗಲೂ ತಡವರಿಸುತ್ತಿದ್ದ ಅದೇ ನಿಲ್ದಾಣಕ್ಕೆ. ರನ್‌ವೇ ದೀಪಗಳು ಒಂದರ ಹಿಂದೆ ಒಂದು ಹರಿದುಬಂದವು, ಎಲ್ಲಿಯೂ ಎಡವಲಿಲ್ಲ. ಚಕ್ರ ನೆಲ ಮುಟ್ಟಿದ ಮೇಲೆ ಅವನು ಮಾತಾಡಲಿಲ್ಲ, ಕೈಯನ್ನು ಜಾಯ್‌ಸ್ಟಿಕ್ ಮೇಲೆಯೇ ಇಟ್ಟುಕೊಂಡು ವಿಮಾನ ಪೂರ್ತಿ ನಿಲ್ಲುವವರೆಗೂ ನೋಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಮಗು ಏಳಲಿಲ್ಲ.

ಮುಂದಿನ ತಿಂಗಳು ಇನ್ನೊಂದು ಎಸ್‌ಎಸ್‌ಡಿಯನ್ನು ತಾನೇ ಹಾಕುತ್ತಾನಂತೆ. ಈ ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್‌ಗಳಲ್ಲಿ ಎರಡನೆಯದು ತುಂಬಿದರೆ ಕಾರ್ಡಿಗೆ ಸಿಗುವ 16 ಲೇನ್‌ಗಳು, ಅಂದರೆ ಮಾಹಿತಿ ಹರಿಯುವ ದಾರಿಗಳು, 8ಕ್ಕೆ ಇಳಿಯುತ್ತವೆ. ಆ ಸ್ಲಾಟಿನ ಪಕ್ಕ "ಇಲ್ಲಿ ಬೇಡ" ಎಂದೂ ಮೂರನೆಯದರ ಪಕ್ಕ "ಇಲ್ಲಿ" ಎಂದೂ ಬಿಳಿ ಚೀಟಿಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದು ಅಂಟಿಸಿ ಬಂದಿದ್ದೇನೆ.