ಸಿಓಟು ಬಿಟ್ಟ ಮೇಲೆ ಇಂಜಿನ್ ರೂಮಿಗೆ ಯಾವಾಗ ಇಳಿಯಬಹುದು?

ಜೂನಿಯರ್_ವಾಚ್:
ಎಲ್ಲರಿಗೂ ನಮಸ್ಕಾರ. ಕಾರ್ಗೋ ಹಡಗಿನಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೇನೆ. ಮೊನ್ನೆ ಫೈರ್ ಡ್ರಿಲ್‌ನಲ್ಲಿ ಜನರೇಟರ್ ಹತ್ತಿರ ಬೆಂಕಿ ಅಂತ ಇಟ್ಟುಕೊಂಡು ಸಿಓಟು (ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬಿಡುವವರೆಗೂ ಅಭ್ಯಾಸ ಮಾಡಿದೆವು. "ಹೊಗೆ ನಿಂತ ಮೇಲೆ ಒಳಗೆ ಹೋಗಬಹುದಲ್ವಾ ಸರ್?" ಅಂದಿದ್ದಕ್ಕೆ ಚೀಫ್ ಇಂಜಿನಿಯರ್ ಸಿಡುಕಿದರು, ಕಾರಣ ಹೇಳಲಿಲ್ಲ. ಯಾಕೆ? ಮತ್ತೆ, ಬೆಂಕಿಯೇ ಬೀಳದ ಹಾಗೆ ನನ್ನ ವಾಚ್‌ನಲ್ಲಿ (ಕಾವಲು ಪಾಳಿಯಲ್ಲಿ) ಏನೇನು ನೋಡಬೇಕು?

ಹಳೇ_ಸೆಕೆಂಡ್:
ತಮ್ಮಾ, ಚೀಫ್ ಸಿಡುಕಿದ್ದು ಸರಿ, ಕಾರಣ ಹೇಳದಿದ್ದದ್ದು ತಪ್ಪು. ಸಿಓಟು ಬೆಂಕಿಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ, ಕಾದ ಕಬ್ಬಿಣವನ್ನು ತಣಿಸುವುದಿಲ್ಲ. ಎಕ್ಸಾಸ್ಟ್ ಪೈಪ್ ಇನ್ನೂ ಕಾದಿದೆ, ತಳದ ಬಿಲ್ಜ್ ಗುಂಡಿಯಲ್ಲಿ ಎಣ್ಣೆ ನಿಂತಿದೆ ಅಂದುಕೋ. ಬಾಗಿಲು ತೆಗೆದರೆ ಗ್ಯಾಸ್ ಆಚೆ, ಗಾಳಿ ಒಳಗೆ, ಬೆಂಕಿ ಮತ್ತೆ ಭಗ್ಗೆನ್ನುತ್ತದೆ. ಆಗ ಬಿಡೋಣ ಅಂದರೆ ಬಾಟಲಿಗಳು ಖಾಲಿ. ಮೆಷಿನರಿ ಜಾಗಕ್ಕೆ ಬೇಕಾದ ಗ್ಯಾಸಿನಲ್ಲಿ ಶೇ. 85ರಷ್ಟು 2 ನಿಮಿಷದೊಳಗೆ ಒಳಗೆ ಬೀಳಬೇಕು ಅಂತಲೇ ನಿಯಮ. ಇರುವುದು ಒಂದೇ ಏಟು.

ಅದಕ್ಕೇ ಬಿಡುವ ಮುಂಚೆ ತಲೆ ಎಣಿಸಬೇಕು. ಒಬ್ಬನ ಲೆಕ್ಕ ಸಿಗದಿದ್ದರೂ ಹ್ಯಾಂಡಲ್ ಮುಟ್ಟಬಾರದು, ಆ ಗ್ಯಾಸ್ ಮನುಷ್ಯನನ್ನೂ ಬಿಡುವುದಿಲ್ಲ. ಫ್ಯಾನ್ ನಿಲ್ಲಬೇಕು, ಗಾಳಿ ದಾರಿಯ ಡ್ಯಾಂಪರ್ ಮುಚ್ಚಬೇಕು, ಎಣ್ಣೆ ನಿಲ್ಲಿಸುವ ಕ್ವಿಕ್ ಕ್ಲೋಸಿಂಗ್ ವಾಲ್ವ್ ಎಳೆದಿರಬೇಕು. ಡ್ಯಾಂಪರ್ ಮುಚ್ಚಿದ ಮೇಲೆ ಹೊಗೆ ಹೊರಗೆ ಬರುವುದಾದರೂ ಎಲ್ಲಿಂದ? ಹೊಗೆ ನೋಡಬೇಡ, ಬಲ್ಕ್‌ಹೆಡ್, ಅಂದರೆ ಇಂಜಿನ್ ರೂಮಿನ ಗೋಡೆ ನೋಡು. ಹೊರಗಿನಿಂದ ನೀರು ಹಾಯಿಸಿದಾಗ ಆವಿ ಏಳುತ್ತಿದೆಯಾ, ಪೇಂಟ್ ಗುಳ್ಳೆ ಕಟ್ಟುತ್ತಿದೆಯಾ? ಬಿಸಿ ಇಳಿದು, ಇಳಿದಲ್ಲೇ ನಿಂತಿದೆ ಅಂತ ಖಾತ್ರಿಯಾದ ಮೇಲೆ, ಕ್ಯಾಪ್ಟನ್ ಹೇಳಿದಾಗ, ಬಿಎ ಸೆಟ್ (ಗಾಳಿ ಸಿಲಿಂಡರ್ ಇರುವ ಉಸಿರಾಟದ ಸಾಧನ) ಹಾಕಿ, ನೀರು ತುಂಬಿದ ಹೋಸ್ ಹಿಡಿದು ಹೋಗಬೇಕು. ಗಂಟೆ ಲೆಕ್ಕದಲ್ಲಿ ಹೇಳು ಅಂದರೆ ನಾನು ಹೇಳುವುದಿಲ್ಲ.

ಇನ್ನು ವಾಚ್‌ನಲ್ಲಿ ನೋಡುವುದು. 220 ಡಿಗ್ರಿ ದಾಟುವ ಮೇಲ್ಮೈಗೆ ಎಣ್ಣೆ ತಗಲುವ ಸಾಧ್ಯತೆ ಇದ್ದರೆ ಅದಕ್ಕೆ ಲ್ಯಾಗಿಂಗ್, ಅಂದರೆ ಶಾಖ ತಡೆಯುವ ಹೊದಿಕೆ, ಕಡ್ಡಾಯ. ಆದರೆ ಓವರ್‌ಹಾಲ್ ಮುಗಿದು ಎಲ್ಲರೂ ಸುಸ್ತಾಗಿರುವಾಗ ಟರ್ಬೋಚಾರ್ಜರ್ ಫ್ಲೇಂಜ್ (ಪೈಪ್ ಜೋಡಣೆ) ಹತ್ತಿರ ಮೂರು ಬೆರಳು ಹಿಡಿಸುವಷ್ಟು ಸಂದು ಉಳಿದುಬಿಡುತ್ತದೆ. ಟಾರ್ಚ್ ಹಿಡಿದು ಬಗ್ಗಿ, ಕೆಳಭಾಗ ನೋಡು. ಲ್ಯಾಗಿಂಗ್ ಎಣ್ಣೆ ಕುಡಿದು ಕಪ್ಪಾಗಿದ್ದರೆ ಅದೇ ಬತ್ತಿ, ಬದಲಾಯಿಸಲು ಹೇಳು. ಹೈ ಪ್ರೆಶರ್ ಪೈಪಿಗೆ ಜಾಕೆಟ್ (ಹೊರಕವಚ) ಇದೆ ಅಂತ ಎಲ್ಲರೂ ಅದನ್ನೇ ನೋಡುತ್ತಾರೆ. ನನಗೆ ಹೆಚ್ಚು ಭಯ ಇರುವುದು ಲೋ ಪ್ರೆಶರ್ ಫ್ಯೂಯಲ್ ಪೈಪಿನದ್ದು. ಒಂದು ಕ್ಲಾಂಪ್ ಸಡಿಲವಾದರೆ ಸಾಕು, ಅದುರಿ ಅದುರಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಎಣ್ಣೆ ಮಂಜಿನ ಹಾಗೆ ಚಿಮ್ಮುತ್ತದೆ. ಲೀಕ್ ಅಲಾರಂ ಕಿರಿಕಿರಿ ಅಂತ, ಅದು ಹೊಡೆಯದಂತೆ ಅದರ ಫ್ಲೋಟ್‌ಗೆ ತಂತಿ ಸುತ್ತಿದ ಮಹಾನುಭಾವರನ್ನೂ ಕಂಡಿದ್ದೇನೆ!

ಇಟಿಓ_ಅಣ್ಣ:
ಸೆಕೆಂಡ್ ಸಾಹೇಬರ ಮಾತಿಗೆ ಒಂದು ಸೇರ್ಪಡೆ. ಟೆಂಪರೇಚರ್ ಗನ್ ನೀವು ಗುರಿ ಇಟ್ಟ ಜಾಗವನ್ನಷ್ಟೇ ಹೇಳುತ್ತದೆ. ಲ್ಯಾಗಿಂಗ್ ಸಂದು ಹುಡುಕಲು ಥರ್ಮಲ್ ಕ್ಯಾಮೆರಾ ಬೇಕು, ಅದೂ ಇಂಜಿನ್ ಲೋಡ್ ಮೇಲಿರುವಾಗ. ಹಾಗೇ ಟ್ಯಾಂಕಿನ ಮಟ್ಟ ಅಳೆಯುವ ಸೌಂಡಿಂಗ್ ಪೈಪಿನ ಸೆಲ್ಫ್ ಕ್ಲೋಸಿಂಗ್ ಕಾಕ್‌ಗೆ (ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ನಲ್ಲಿಗೆ) ಹಗ್ಗ ಕಟ್ಟಿ ತೆರೆದಿಟ್ಟಿದ್ದಾರಾ ನೋಡಿ.

ಜೂನಿಯರ್_ವಾಚ್:
ತುಂಬಾ ಥ್ಯಾಂಕ್ಸ್ ಸರ್. ನಮ್ಮಲ್ಲಿ ಎರಡು ಕಾಕ್‌ಗೆ ಹಗ್ಗ ಇದೆ, ಇವತ್ತೇ ಬಿಚ್ಚುತ್ತೇನೆ.

ಹಳೇ_ಸೆಕೆಂಡ್:
ಬಿಚ್ಚು, ಆದರೆ ಕಟ್ಟಿದ್ದು ಯಾಕೆ ಅಂತ ಮೊದಲು ಕೇಳು. ಸ್ಪ್ರಿಂಗೋ ತೂಕವೋ ಕೆಟ್ಟಿರಬಹುದು. ಅದು ರಿಪೇರಿಯಾಗದಿದ್ದರೆ ನಾಳೆ ಇನ್ನೊಬ್ಬ ಕಟ್ಟುತ್ತಾನೆ.